ಎಂಡಿ ಆದ ಮೇಲೆ ರುಮಟಾಲಜಿ ತಗೊಳ್ಳಲಾ? ಸುತ್ತಲಿನವರೆಲ್ಲ ಬೇಡ ಅಂತಿದ್ದಾರೆ

ಹುಬ್ಬಳ್ಳಿ_ಪಿಜಿ
ಎಲ್ಲರಿಗೂ ನಮಸ್ಕಾರ. ಜನರಲ್ ಮೆಡಿಸಿನ್ ಎಂಡಿ ಕೊನೆಯ ವರ್ಷದಲ್ಲಿದ್ದೇನೆ, ನೀಟ್-ಎಸ್‌ಎಸ್‌ಗೆ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ) ಓದುತ್ತಿದ್ದೇನೆ. ಡಿಎಂಗೆ (ಎಂಡಿ ನಂತರದ ಪದವಿ) ರುಮಟಾಲಜಿ, ಅಂದರೆ ಗಂಟುಬೇನೆ ಮತ್ತು ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳುವ ಕಾಯಿಲೆಗಳ ವಿಷಯ, ತಗೊಳ್ಳಬೇಕು ಅಂತ ಆಸೆ. ಮನೆಯಲ್ಲಿ ಕಾರ್ಡಿಯಾಲಜಿ ಬಿಟ್ಟರೆ ಬೇರೆ ಮಾತಿಲ್ಲ. ಸೀನಿಯರ್‌ಗಳು "ಅದು ಬೆಂಗಳೂರಿನಲ್ಲಿ ಮಾತ್ರ ನಡೆಯುತ್ತೆ, ಪ್ರೊಸೀಜರ್ ಇಲ್ಲ, ದುಡ್ಡಿಲ್ಲ" ಅನ್ನುತ್ತಾರೆ.

ನನ್ನ ಕಾಲೇಜಿನಲ್ಲಿ ಆ ವಿಭಾಗವೇ ಇಲ್ಲ. ವಾರ್ಡಿಗೆ ಲೂಪಸ್ (ಚರ್ಮ, ಗಂಟು, ಕಿಡ್ನಿ ಹೀಗೆ ಹಲವು ಅಂಗಗಳಿಗೆ ಹಬ್ಬುವ ಕಾಯಿಲೆ) ಕೇಸ್ ಬಂದರೆ ಐದು ವಿಭಾಗಕ್ಕೆ ರೆಫರೆನ್ಸ್ ಬರೆಯುತ್ತೇವೆ. ಐದೂ ಕಡೆಯಿಂದ ಅಭಿಪ್ರಾಯ ಬರುತ್ತದೆ. ಯಾವ ಔಷಧ ಎಷ್ಟು ದಿನ ಅಂತ ಕೊನೆಗೆ ತೀರ್ಮಾನ ಮಾಡುವವರು ಯಾರು ಅನ್ನೋದೇ ಗೊತ್ತಾಗಲ್ಲ. ಅದನ್ನು ನೋಡಿಯೇ ಈ ಕಡೆ ಮನಸ್ಸು ಹರಿದಿದ್ದು.

ಮೂರು ವರ್ಷದಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಡಿಎಂ, ಡಿಆರ್‌ಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಅದೇ ಮಟ್ಟದ ಪದವಿ), ಒಂದು ವರ್ಷದ ಫೆಲೋಶಿಪ್, ಇವುಗಳಲ್ಲಿ ಯಾವುದು ಸರಿ? ಹೊರದೇಶಕ್ಕೆ ಹೋಗೋದು ಒಳ್ಳೇದಾ? ಓದಿದವರು ಬಿಚ್ಚಿ ಹೇಳಿ.

ಆಸ್ಪತ್ರೆಬೀದಿ
ಕಾರ್ಡಿಯಾಲಜಿ ತಗೊಳ್ಳಿ. ಅಪ್ಪ ಅಮ್ಮ ಹೇಳೋದು ಸರಿ.

ಗಂಟು_ಡಾಕ್ಟರ್
ಮೇಲಿನವರ ಮಾತು ಕೇಳಬೇಡಿ. ನಾನು ಡಿಎಂ ಮುಗಿಸಿ ಜಿಲ್ಲಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ, ಬೆಂಗಳೂರಿನಲ್ಲಲ್ಲ. ನನ್ನ ಓಪಿಡಿ ಖಾಲಿ ಇದ್ದ ದಿನ ನನಗೆ ನೆನಪಿಲ್ಲ.

ಕೋರ್ಸಿನ ವಿಷಯ ಹೇಳುತ್ತೇನೆ. ಅದನ್ನು ಪುಸ್ತಕದಿಂದ ಕಲಿಯೋಕೆ ಆಗಲ್ಲ. ಮೊದಲ ಆರು ತಿಂಗಳು ಕೈಬೆರಳೇ ಕಲಿಯೋದು. 28 ಗಂಟುಗಳ ಎಣಿಕೆ ಅಂತ ಇದೆ ನೋಡಿ: ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮಂಡಿ, ಉಳಿದ 20 ಬೆರಳಿನ ಗಂಟುಗಳು. ಪ್ರತಿ ಗಂಟನ್ನೂ ಎರಡು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ನಿಮ್ಮ ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಬೇಕು, ಅದಕ್ಕಿಂತ ಜಾಸ್ತಿ ಬೇಡ. ಊತ ಎಲುಬಿನದ್ದಾದರೆ ಗಟ್ಟಿ. ಗಂಟಿನ ಒಳಪದರದ್ದಾದರೆ ಮೆತ್ತಗೆ, ಒಂದು ಹೆಬ್ಬೆರಳಿನಲ್ಲಿ ಒತ್ತಿದರೆ ಇನ್ನೊಂದಕ್ಕೆ ಉಬ್ಬಿ ಬರುತ್ತದೆ. ಈ ಮೆತ್ತಗಿನ ಊತ ಕೈಗೆ ಹತ್ತೋಕೆ ನೂರಾರು ರೋಗಿಗಳು ಬೇಕು. ನಮ್ಮ ಮೇಷ್ಟ್ರು ಮೊದಲು ತಾವು ಎಣಿಸಿ ಹಾಳೆ ಮಡಚಿಡುತ್ತಿದ್ದರು. ಆಮೇಲೆ ನಾವು ಎಣಿಸಬೇಕು. ಎರಡೂ ತಾಳೆಯಾಗದಿದ್ದರೆ ಮತ್ತೆ ಮೊದಲಿಂದ.

ಈ 28ರಲ್ಲಿ ಪಾದದ ಗಂಟುಗಳಿಲ್ಲ. ಹಾಗಂತ ಬೂಟು ಬಿಚ್ಚಿಸದೆ ರೋಗಿಯನ್ನು ಕಳಿಸಿದರೆ ಬೈಗುಳ ಗ್ಯಾರಂಟಿ. ರುಮಟಾಯ್ಡ್ (ಗಂಟಿನ ಒಳಪದರ ಊದಿ ಎಲುಬು ತಿನ್ನುವ ಸಂಧಿವಾತ) ಎಷ್ಟೋ ಸಲ ಪಾದದಲ್ಲೇ ಶುರುವಾಗುತ್ತದೆ.

ಮೂಳೆವೈದ್ಯ_ತುಮಕೂರು
ಆರ್ಥೊದಿಂದ ಬರೆಯುತ್ತಿದ್ದೇನೆ. ಗಂಟುನೋವಿಗೆ ಜನ ಬರೋದು ನಮ್ಮ ಹತ್ತಿರ. ಮೊದಲು ನೋಡೋರು ನಾವೇ. ಹತ್ತರಲ್ಲಿ ಎಂಟು ಸವೆತ, ಇಲ್ಲಾ ಪೆಟ್ಟು. ಅದಕ್ಕೆಲ್ಲ ಹನ್ನೊಂದು ವರ್ಷ ಓದಿದ ರುಮಟಾಲಜಿಸ್ಟ್ ಬೇಕಾ?

ಗಂಟು_ಡಾಕ್ಟರ್
@ಮೂಳೆವೈದ್ಯ_ತುಮಕೂರು ಸರ್, ಆ ಎಂಟು ಜನರ ಬಗ್ಗೆ ನನ್ನ ತಕರಾರಿಲ್ಲ. ಉಳಿದ ಇಬ್ಬರ ಕಥೆ ಏನು? ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆ ಕೈ ಬಿಗಿ ಇರುವ ಮೂವತ್ತೈದರ ಹೆಂಗಸಿಗೆ ನೋವಿನ ಮಾತ್ರೆ, ಕ್ಯಾಲ್ಸಿಯಂ ಕೊಟ್ಟು ಎರಡು ವರ್ಷ ಕಳೆದರೆ ಗಂಟು ತಿಂದುಹೋಗಿರುತ್ತದೆ. ಆಮೇಲೆ ಯಾವ ಔಷಧ ಕೊಟ್ಟರೂ ಎಲುಬು ವಾಪಸ್ ಬರಲ್ಲ. ಲೆಕ್ಕ ನೀವು ಹೇಳಿದ್ದು ಸರಿ: ಎಂಬಿಬಿಎಸ್ ಐದೂವರೆ, ಎಂಡಿ ಮೂರು, ಡಿಎಂ ಮೂರು, ಹನ್ನೊಂದೂವರೆ ವರ್ಷ. ಆ ಇಬ್ಬರನ್ನು ಎಂಟರ ಮಧ್ಯದಿಂದ ಹೆಕ್ಕೋಕೆ ಅಷ್ಟು ಬೇಕು.

ಮೂಳೆವೈದ್ಯ_ತುಮಕೂರು
ಆ ಇಬ್ಬರನ್ನು ನಾನು ಕಳಿಸಿಯೇ ಕಳಿಸುತ್ತೇನೆ. ಎಲ್ಲಿಗೆ ಕಳಿಸಲಿ ಅನ್ನೋದು ಪ್ರಶ್ನೆ. ನಮ್ಮ ಜಿಲ್ಲೆಯಿಂದ ಬೆಂಗಳೂರು ಹತ್ತಿರ, ಸರಿ. ರಾಯಚೂರಿನವರು ಏನು ಮಾಡಬೇಕು?

ಕಲಬುರಗಿ_ಮೇಡಂ
ರಾಯಚೂರು, ಕಲಬುರಗಿಯವರು ಹೈದರಾಬಾದ್‌ಗೆ ಹೋಗುತ್ತಾರೆ. ಬೆಳಗಾವಿ ಕಡೆಯವರು ಮಿರಜ್, ಪುಣೆ. ಭಾಷೆ ಬರಲ್ಲ, ಮಗನ ರಜೆ ಹೋಗುತ್ತೆ, ಎರಡನೇ ಸಲ ಹೋಗೋದೇ ಇಲ್ಲ. ಈ ಕಾಯಿಲೆಗೆ ಎರಡನೇ ಸಲ, ಹತ್ತನೇ ಸಲ ಹೋಗೋದೇ ಮುಖ್ಯ ಅಲ್ವಾ? ನಾನು ಇಲ್ಲಿ ಫಿಸಿಷಿಯನ್. ನಮ್ಮ ಊರಿಗೆ ಒಬ್ಬರು ಬಂದರೆ ಸಾಕು ಅಂತ ಕಾಯುತ್ತಿದ್ದೇನೆ. ಹುಬ್ಬಳ್ಳಿ ತಮ್ಮಾ, ಓದಿ ಬಾ. ರೋಗಿಗಳನ್ನು ನಾನು ಕಳಿಸುತ್ತೇನೆ.

ಲೆಕ್ಕಾಚಾರ
ಎಷ್ಟು ಜನರಿಗೆ ಬೇಕು ಅನ್ನೋದಕ್ಕೆ ಒಂದು ಅಂದಾಜು. ಪುಣೆ–ಸೊಲ್ಲಾಪುರ ರಸ್ತೆಯ ಭಿಗವಣ್ ಗ್ರಾಮದಲ್ಲಿ 1996ರಲ್ಲಿ ಮನೆಮನೆಗೆ ಹೋಗಿ ಮಾಡಿದ ಕಾಪ್‌ಕಾರ್ಡ್ (ಊರಿನಲ್ಲಿ ಗಂಟುಬೇನೆ ಎಷ್ಟಿದೆ ಅಂತ ಎಣಿಸುವ) ಸಮೀಕ್ಷೆಯಲ್ಲಿ ವಯಸ್ಕರಲ್ಲಿ ರುಮಟಾಯ್ಡ್ ಸಂಧಿವಾತ ಸುಮಾರು ಶೇ 0.5 ಸಿಕ್ಕಿತು. ಕರ್ನಾಟಕದಲ್ಲಿ ವಯಸ್ಕರು ನಾಲ್ಕು ಕೋಟಿ ಅಂತ ಹಿಡಿದರೂ ಎರಡು ಲಕ್ಷ ಜನ. ಇದು ಒಂದೇ ಕಾಯಿಲೆಯ ಲೆಕ್ಕ. ಲೂಪಸ್, ಬೆನ್ನೆಲುಬಿನ ಸ್ಪಾಂಡಿಲೈಟಿಸ್, ಸೋರಿಯಾಸಿಸ್ ಗಂಟುಬೇನೆ, ಗೌಟ್ (ಯೂರಿಕ್ ಆಸಿಡ್ ಹರಳಿನ ಗಂಟುಬೇನೆ) ಎಲ್ಲ ಬೇರೆ.

ಆಸ್ಪತ್ರೆಬೀದಿ
ಎರಡು ಲಕ್ಷ ಜನ ಇದ್ದರೆ ಸೀಟು ಯಾಕೆ ಕಡಿಮೆ?

ಗಂಟು_ಡಾಕ್ಟರ್
ಕಲಿಸುವವರು ಕಡಿಮೆ, ಅದಕ್ಕೆ. ಅರ್ಹ ಅಧ್ಯಾಪಕರಿಲ್ಲದೆ ವಿಭಾಗ ಇಲ್ಲ, ವಿಭಾಗ ಇಲ್ಲದೆ ಸೀಟಿಲ್ಲ, ಸೀಟಿಲ್ಲದೆ ಮುಂದಿನ ಅಧ್ಯಾಪಕ ಹುಟ್ಟಲ್ಲ. ನಮ್ಮ ದೇಶದಲ್ಲಿ ಈ ವಿಷಯದ ಡಿಎಂ ಮೊದಲು ಶುರುವಾಗಿದ್ದು ಲಖನೌದ ಎಸ್‌ಜಿಪಿಜಿಐನಲ್ಲಿ. ಈಗ ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ, ವೆಲ್ಲೂರಿನ ಸಿಎಂಸಿ, ಪುದುಚೇರಿಯ ಜಿಪ್ಮರ್, ಹೈದರಾಬಾದಿನ ನಿಮ್ಸ್, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್, ಹೀಗೆ ಹಲವು ಕಡೆ ಇದೆ. ಆದರೆ ಪ್ರತಿ ಕಡೆ ವರ್ಷಕ್ಕೆ ಕೆಲವೇ ಸೀಟು. ಎಂಬಿಬಿಎಸ್‌ನಲ್ಲಿ ಈ ವಿಷಯಕ್ಕೆ ಸಿಗುವ ಪಾಠದ ಸಮಯವೂ ಕಡಿಮೆ. ಹಾಗಾಗಿ ಹುಡುಗರಿಗೆ ಇಂಥದ್ದೊಂದು ದಾರಿ ಇದೆ ಅಂತಲೇ ತಡವಾಗಿ ಗೊತ್ತಾಗೋದು.

ಡಿಆರ್‌ಎನ್‌ಬಿ_ಮುಗಿಸಿದವಳು
ದಾರಿಗಳ ಬಗ್ಗೆ ಕೇಳಿದ್ದರಲ್ಲ, ಹೇಳುತ್ತೇನೆ. ಡಿಎಂ ಮತ್ತು ಡಿಆರ್‌ಎನ್‌ಬಿ ಎರಡೂ ಮೂರು ವರ್ಷ, ಎರಡಕ್ಕೂ ನೀಟ್-ಎಸ್‌ಎಸ್ ರ್‍ಯಾಂಕೇ. ಮೆಡಿಸಿನ್ ಗುಂಪಿಗೆ ಒಂದೇ ಪರೀಕ್ಷೆ, ಅದೇ ರ್‍ಯಾಂಕ್ ಹಿಡಿದು ಕಾರ್ಡಿಯಾಲಜಿಗೂ ಹೋಗಬಹುದು, ಇಲ್ಲಿಗೂ ಬರಬಹುದು. ಡಿಆರ್‌ಎನ್‌ಬಿ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ನಡೆಯುತ್ತದೆ, ಕೊನೆಯ ಪರೀಕ್ಷೆ ಇಡೀ ದೇಶಕ್ಕೆ ಒಂದೇ. "ಡಿಎಂ ಮೇಲು, ಡಿಆರ್‌ಎನ್‌ಬಿ ಕೆಳಗೆ" ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪಲ್ಲ. ನೋಡಬೇಕಾದದ್ದು ಆ ಆಸ್ಪತ್ರೆಗೆ ಎಂಥ ರೋಗಿಗಳು ಬರುತ್ತಾರೆ ಅನ್ನೋದನ್ನು.

ಸೀಟು ಆರಿಸುವ ಮೊದಲು ಅಲ್ಲಿನ ಈಗಿನ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಇಮ್ಯುನಾಲಜಿ ಲ್ಯಾಬ್ ವಿಭಾಗದ ಕೈಯಲ್ಲಿದೆಯಾ, ಸ್ಯಾಂಪಲ್ ಹೊರಗೆ ಹೋಗುತ್ತಾ? ಅಲ್ಟ್ರಾಸೌಂಡ್ ಮೆಷಿನ್ ನಿಮಗೆ ಮುಟ್ಟೋಕೆ ಕೊಡುತ್ತಾರಾ? ಐಸಿಯು ರೋಗಿಗಳನ್ನು ನೀವೇ ನೋಡಿಕೊಳ್ಳುತ್ತೀರಾ? ಗಂಟಿನಿಂದ ತೆಗೆದ ನೀರನ್ನು ನಾವೇ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದೆವು. ಧ್ರುವೀಕರಿಸಿದ ಬೆಳಕಿನಲ್ಲಿ ಗೌಟ್‌ನ ಹರಳು ಸೂಜಿ ತರಹ ಹೊಳೆಯುತ್ತದೆ. ಒಂದು ದಿಕ್ಕಿಗೆ ಹಳದಿ, ತಟ್ಟೆ ತಿರುಗಿಸಿದರೆ ನೀಲಿ. ಅದನ್ನು ಒಂದು ಸಲ ಸ್ವಂತ ಕಣ್ಣಲ್ಲಿ ನೋಡಿದವರು ಬರೀ ಯೂರಿಕ್ ಆಸಿಡ್ ರಿಪೋರ್ಟ್ ಹಿಡಿದು ಗೌಟ್ ಅನ್ನಲ್ಲ.

ಜಯನಗರ_ತಾತ
ಯೂರಿಕ್ ಆಸಿಡ್ ಇರೋರು ಟೊಮೆಟೊ ತಿನ್ನಬಾರದು ಅಲ್ವಾ? ನನ್ನ ಮನೆಯವಳು ಸಾರಿಗೆ ಟೊಮೆಟೊ ಹಾಕೋದೇ ಬಿಟ್ಟಿದ್ದಾಳೆ.

ಡಿಆರ್‌ಎನ್‌ಬಿ_ಮುಗಿಸಿದವಳು
ತಾತ, ಟೊಮೆಟೊ ಸಾರು ಆರಾಮಾಗಿ ಊಟ ಮಾಡಿ. ಬಿಯರ್, ಮಾಂಸದಲ್ಲಿ ಲಿವರ್, ಕಿಡ್ನಿ, ಸಿಹಿ ತಂಪುಪಾನೀಯ, ಇವು ಕಡಿಮೆ ಇರಲಿ. ನೋವು, ಊತ ಇಲ್ಲದೆ ಬರೀ ಅಂಕಿ ಸ್ವಲ್ಪ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಮಾತ್ರೆಯೂ ಬೇಕಾಗಲ್ಲ. ನಿಮ್ಮ ಡಾಕ್ಟರನ್ನು ಕೇಳಿ.

ಫೆಲೋಶಿಪ್_ಪರ
ಒಂದು ವರ್ಷದ ಫೆಲೋಶಿಪ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಎಂಡಿ ಮುಗಿಸಿ ಹತ್ತು ವರ್ಷ ಪ್ರಾಕ್ಟೀಸ್ ಮಾಡಿದ ಮೇಲೆ ಫೆಲೋಶಿಪ್ ಮಾಡಿದವನು ನಾನು. ಮಕ್ಕಳು ಮರಿ ಇರುವವನು ಮತ್ತೆ ನೀಟ್ ಬರೆದು ಮೂರು ವರ್ಷ ಹಾಸ್ಟೆಲ್ ಸೇರೋಕಾಗುತ್ತಾ? ನಮ್ಮ ತಾಲ್ಲೂಕಿನಲ್ಲಿ ರುಮಟಾಯ್ಡ್ ರೋಗಿಗಳನ್ನು ಈಗ ನಾನೇ ನೋಡಿಕೊಳ್ಳುತ್ತೇನೆ. ಕಷ್ಟದ್ದು ಬಂದರೆ ನನಗೆ ಕಲಿಸಿದವರಿಗೆ ಫೋನ್ ಮಾಡುತ್ತೇನೆ.

ಡಿಎಂ_ಮಾತ್ರ
ಫೆಲೋಶಿಪ್ ಮಾಡಿದವರು ಬೋರ್ಡಿನಲ್ಲಿ "ರುಮಟಾಲಜಿಸ್ಟ್" ಅಂತ ಹಾಕಿಕೊಳ್ಳೋದು ಸರಿಯಲ್ಲ. ಜನರಿಗೆ ವ್ಯತ್ಯಾಸ ಗೊತ್ತಾಗಲ್ಲ. ಒಂದು ವರ್ಷದಲ್ಲಿ ರುಮಟಾಯ್ಡ್ ಕಲಿಯಬಹುದು. ರಕ್ತನಾಳದ ಉರಿಯೂತ, ಶ್ವಾಸಕೋಶಕ್ಕೆ ಹಬ್ಬಿದ ಸ್ಕ್ಲೀರೋಡರ್ಮಾ (ಚರ್ಮ ಗಟ್ಟಿಯಾಗುವ ಕಾಯಿಲೆ), ಮೆದುಳಿಗೆ ಹೋದ ಲೂಪಸ್ ಕಲಿಯೋಕೆ ಆಗಲ್ಲ. ಅವು ಅಪರೂಪ. ಮೂರು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಕೂತರೆ ಮಾತ್ರ ಕಣ್ಣಿಗೆ ಬೀಳುತ್ತವೆ.

ಫೆಲೋಶಿಪ್_ಪರ
ನನ್ನ ಬೋರ್ಡಿನಲ್ಲಿ "ಎಂಡಿ, ಫೆಲೋಶಿಪ್" ಅಂತ ಇದೆ, ಅಷ್ಟೇ. ಡಿಎಂ ಆದವರು ನಮ್ಮ ತಾಲ್ಲೂಕಿಗೆ ಬರಲಿ, ನಾನೇ ಹಾರ ಹಾಕಿ ಸ್ವಾಗತಿಸುತ್ತೇನೆ. ಅಲ್ಲಿಯವರೆಗೆ ರೋಗಿ ಎಲ್ಲಿ ಹೋಗಬೇಕು?

ಕಲಬುರಗಿ_ಮೇಡಂ
ಇಬ್ಬರೂ ಸ್ವಲ್ಪ ತಣ್ಣಗಾಗಿ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡೋಕೆ, ವಿಭಾಗ ಕಟ್ಟೋಕೆ ಡಿಎಂ ಇಲ್ಲಾ ಡಿಆರ್‌ಎನ್‌ಬಿ ಬೇಕೇ ಬೇಕು. ತಾಲ್ಲೂಕಿನಲ್ಲಿ ಮೆಥೊಟ್ರೆಕ್ಸೇಟ್ (ರುಮಟಾಯ್ಡ್ ಹತೋಟಿಗೆ ಕೊಡುವ ಮುಖ್ಯ ಮಾತ್ರೆ) ಸರಿಯಾಗಿ ಶುರು ಮಾಡಿ, ತಿಂಗಳು ತಿಂಗಳು ರಕ್ತ ನೋಡೋಕೆ ಫೆಲೋಶಿಪ್ ಆದವರು ಸಾಕು. ನನಗಂತೂ ಇಬ್ಬರೂ ಬೇಕು.

ಫಾರ್ಮಸಿ_ರಾಯರು
ಮೆಥೊಟ್ರೆಕ್ಸೇಟ್ ಅಂದ್ರಲ್ಲ, ಒಂದು ಮಾತು. ಅದು ವಾರಕ್ಕೆ ಒಂದೇ ದಿನ ತಗೊಳ್ಳೋ ಮಾತ್ರೆ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು, ಜೀವಕ್ಕೇ ಬರುತ್ತೆ. ನಮ್ಮ ಕೌಂಟರಿಗೆ ಬರುವ ಚೀಟಿಗಳಲ್ಲಿ ದಿನದ ಹೆಸರು ಇರೋದೇ ಇಲ್ಲ. ನಾನು ಪೊಟ್ಟಣದ ಮೇಲೆ ಕೆಂಪು ಪೆನ್ನಿನಲ್ಲಿ "ಭಾನುವಾರ ಮಾತ್ರ" ಅಂತ ಬರೆದು, ರೋಗಿಯ ಬಾಯಲ್ಲಿ ಒಂದು ಸಲ ಹೇಳಿಸಿ ಕಳಿಸುತ್ತೇನೆ. ಡಾಕ್ಟರುಗಳಿಗೆ ಏನೇನೋ ಕಲಿಸುತ್ತೀರಿ, ಕನ್ನಡದಲ್ಲಿ ವಾರ ಬರೆಯೋದನ್ನೂ ಕಲಿಸಿ.

ಗಂಟು_ಡಾಕ್ಟರ್
@ಫಾರ್ಮಸಿ_ರಾಯರು ನಿಮ್ಮಂಥವರು ಪ್ರತಿ ಊರಲ್ಲೂ ಬೇಕು ಸರ್. ಫೋಲಿಕ್ ಆಸಿಡ್ ಬೇರೆ ದಿನ ಅಂತಲೂ ಬರೆಯುತ್ತೀರಿ ಅಂದುಕೊಂಡಿದ್ದೇನೆ.

ಫಾರ್ಮಸಿ_ರಾಯರು
ಬರೆಯುತ್ತೇನೆ, ಹಸಿರು ಪೆನ್ನಲ್ಲಿ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ
ಹೊರದೇಶದ ಪ್ರಶ್ನೆಗೆ ನನ್ನ ಕಡೆಯಿಂದ. ಬ್ರಿಟನ್‌ನಲ್ಲಿ ಮೂರು ವರ್ಷದ ಇಂಟರ್ನಲ್ ಮೆಡಿಸಿನ್ ತರಬೇತಿ, ಅಷ್ಟರಲ್ಲಿ ಎಂಆರ್‌ಸಿಪಿ (ಇಲ್ಲಿನ ಫಿಸಿಷಿಯನ್ ಪರೀಕ್ಷೆ) ಪೂರ್ತಿ ಆಗಬೇಕು. ಆಮೇಲೆ ನಾಲ್ಕು ವರ್ಷ ರುಮಟಾಲಜಿ ಜೊತೆ ಜನರಲ್ ಮೆಡಿಸಿನ್. ಕೊನೆಯ ಹಂತದಲ್ಲಿ ಆ ವಿಷಯದ್ದೇ ಒಂದು ಲಿಖಿತ ಪರೀಕ್ಷೆ, ನೂರು ನೂರು ಪ್ರಶ್ನೆಯ ಎರಡು ಪೇಪರ್. ಇಲ್ಲಿ ಪ್ರತಿ ಕೆಲಸಕ್ಕೂ ಪೋರ್ಟ್‌ಫೋಲಿಯೊದಲ್ಲಿ ಸಹಿ ಬೇಕು: ಗಂಟಿಗೆ ಚುಚ್ಚಿದ್ದು, ಕ್ಲಿನಿಕ್‌ನಲ್ಲಿ ರೋಗಿಗೆ ವಿವರಿಸಿದ್ದು, ಎಲ್ಲಕ್ಕೂ. ಮೊದಮೊದಲು ಕಿರಿಕಿರಿ. ಈಗ ಅದರ ಬೆಲೆ ಗೊತ್ತಾಗಿದೆ, ಯಾರೂ ನಿಮ್ಮನ್ನು ನೋಡದೆ ಮುಂದೆ ಬಿಡಲ್ಲ.

ಭಾರತದಲ್ಲಿ ಎಂಡಿ ಮುಗಿಸಿದವರು ಎರಡು ವರ್ಷದ ಎಂಟಿಐ ಯೋಜನೆಯಲ್ಲಿ ಬಂದು ಕಲಿತು ವಾಪಸ್ ಹೋಗಬಹುದು. ಇಲ್ಲಿ ನನಗೆ ತುಂಬಾ ಇಷ್ಟವಾದದ್ದು ರುಮಟಾಲಜಿ ನರ್ಸ್‌ಗಳು. ರೋಗಿಗೆ ಇಂಜೆಕ್ಷನ್ ಹೇಳಿಕೊಡೋದು, ರಕ್ತದ ರಿಪೋರ್ಟ್ ನೋಡಿ ಫೋನ್ ಮಾಡೋದು ಅವರೇ. ನಮ್ಮಲ್ಲಿ ಡಾಕ್ಟರರ ತರಬೇತಿ ಬಗ್ಗೆ ಇಷ್ಟು ಮಾತಾಡುತ್ತೇವೆ, ನರ್ಸ್‌ಗಳ ಬಗ್ಗೆ ಯಾಕೆ ಮಾತಾಡಲ್ಲ?

ಓಹಾಯೋ_ಮಂಡ್ಯ
ಅಮೆರಿಕದಲ್ಲಿ ಮೂರು ವರ್ಷ ರೆಸಿಡೆನ್ಸಿ, ಎರಡು ವರ್ಷ ಫೆಲೋಶಿಪ್. ಆದರೆ ನಿಮ್ಮ ಎಂಡಿ ಇಲ್ಲಿ ಲೆಕ್ಕಕ್ಕೆ ಬರಲ್ಲ, ರೆಸಿಡೆನ್ಸಿ ಮತ್ತೆ ಮೊದಲಿಂದ. ಜೆ-1 ವೀಸಾದಲ್ಲಿ ಬಂದರೆ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ವಾಪಸ್, ಇಲ್ಲಾ ವಿನಾಯಿತಿ ಪಡೆದು ವೈದ್ಯರಿಲ್ಲದ ಊರಲ್ಲಿ ಕೆಲಸ. ಕರ್ನಾಟಕದಲ್ಲೇ ಕೆಲಸ ಮಾಡುವ ಆಸೆ ಇದ್ದರೆ ಡಿಎಂ ಅಲ್ಲೇ ಮಾಡಿ. ಕ್ಷಯ, ಚಿಕುನ್‌ಗುನ್ಯಾ ಜೊತೆಗೆ ಗಂಟುಬೇನೆ ನೋಡಿ ಕಲಿಯೋದು ಇಲ್ಲಿ ಸಾಧ್ಯವಿಲ್ಲ. ಅಲ್ಲಿ ಬಯಾಲಜಿಕ್ (ರೋಗನಿರೋಧಕ ಶಕ್ತಿಯ ಒಂದು ಭಾಗವನ್ನು ತಡೆಯುವ ಔಷಧ) ಇಂಜೆಕ್ಷನ್ ಕೊಡೋ ಮೊದಲು ಮುಚ್ಚಿಕೊಂಡಿರೋ ಕ್ಷಯವನ್ನು ಹುಡುಕೋದೇ ಅರ್ಧ ಕೆಲಸ.

ದಾವಣಗೆರೆ_ಬೆಣ್ಣೆ
ಚಿಕುನ್‌ಗುನ್ಯಾ ಅಂದ ತಕ್ಷಣ 2006 ನೆನಪಾಯಿತು. ನಮ್ಮ ಬೀದಿಯಲ್ಲಿ ಒಂದು ಮನೆ ಬಿಡದೆ ಎಲ್ಲರೂ ಗೋಡೆ ಹಿಡಿದು ನಡೆಯುತ್ತಿದ್ದರು. ಬಹಳ ಜನಕ್ಕೆ ವಾಸಿಯಾಯಿತು. ನಮ್ಮ ದೊಡ್ಡಮ್ಮನ ಮಣಿಕಟ್ಟಿನ ಊತ ಮಾತ್ರ ತಿಂಗಳುಗಟ್ಟಲೆ ಇಳಿಯಲೇ ಇಲ್ಲ. ಆಗ ಒಬ್ಬರು ಸ್ಟಿರಾಯ್ಡ್ ಶುರು ಮಾಡಿದರು. ನಿಲ್ಲಿಸೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದರು. ಮುಖ ಊದಿ, ಸಕ್ಕರೆ ಕಾಯಿಲೆ ಬಂತು.

ಗಂಟು_ಡಾಕ್ಟರ್
ಈ ಸ್ಟಿರಾಯ್ಡ್ ಕಥೆ ಈ ವಿಷಯದ ಇತಿಹಾಸದಲ್ಲೇ ಇದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರ ತಂಡ ರುಮಟಾಯ್ಡ್ ರೋಗಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟಿತು. ಹಾಸಿಗೆ ಹಿಡಿದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು. ಅಷ್ಟರಲ್ಲೇ ಅಡ್ಡಪರಿಣಾಮಗಳೂ ಕಾಣೋಕೆ ಶುರುವಾಗಿದ್ದವು. ಹಾಗಾಗಿ ನಮಗೆ ಸ್ಟಿರಾಯ್ಡ್ ಶುರು ಮಾಡೋಕಿಂತ ಹೆಚ್ಚಾಗಿ ಕಲಿಸೋದು ಇಳಿಸೋದನ್ನು: ಎಷ್ಟು ವಾರಕ್ಕೆ ಎಷ್ಟು ಮಿಲಿಗ್ರಾಂ, ಜೊತೆಗೆ ಯಾವ ಔಷಧ ಕೂರಿಸಬೇಕು ಅಂತ.

ಸಾಗರದ_ಹುಡುಗಿ
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಕ್ಷಮಿಸಿ. ನಮ್ಮ ತಾಲ್ಲೂಕಿನ ಹಂದಿಗೋಡು ಕಾಯಿಲೆಯೂ ರುಮಟಾಲಜಿಗೆ ಬರುತ್ತಾ? ಸೊಂಟದ ಕೀಲು ಹೋಗಿ, ಬೆಳವಣಿಗೆ ನಿಂತು, ಜನ ಚಿಕ್ಕ ವಯಸ್ಸಿಗೇ ಕೋಲು ಹಿಡಿಯುತ್ತಾರೆ.

ಮೂಳೆವೈದ್ಯ_ತುಮಕೂರು
ಅದು ಬೇರೆ ತಂಗಿ. 1970ರ ದಶಕದ ಮಧ್ಯದಲ್ಲಿ ಹಂದಿಗೋಡಿನಲ್ಲಿ ಗುರುತಿಸಿದ್ದು. ಎಲುಬಿನ ಬೆಳವಣಿಗೆಯ ದೋಷ, ವಂಶಪಾರಂಪರ್ಯ. ಉರಿಯೂತ ಅಲ್ಲ, ಹಾಗಾಗಿ ಮೆಥೊಟ್ರೆಕ್ಸೇಟ್ ಕೆಲಸ ಮಾಡಲ್ಲ.

ಗಂಟು_ಡಾಕ್ಟರ್
ಸರ್ ಹೇಳಿದ್ದು ಸರಿ. ಆದರೆ ಅಂಥವರು ಬಂದಾಗ "ಇದು ಉರಿಯೂತ ಅಲ್ಲ" ಅಂತ ಹೇಳೋಕೂ ಒಬ್ಬರು ಬೇಕಲ್ಲ. ನಮ್ಮ ಹುಡುಗರಿಗೆ ಹಂದಿಗೋಡು ಗೊತ್ತಿರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮಕ್ಕಳ_ಡಾಕ್ಟ್ರು
ಮಕ್ಕಳನ್ನು ಎಲ್ಲರೂ ಮರೆತಿದ್ದೀರಿ. ಮಕ್ಕಳಿಗೂ ಗಂಟುಬೇನೆ ಬರುತ್ತದೆ, ಕವಾಸಾಕಿ (ಮಕ್ಕಳ ರಕ್ತನಾಳದ ಉರಿಯೂತ) ಬರುತ್ತದೆ. ಚಂಡೀಗಢದ ಪಿಜಿಐನಲ್ಲಿ ಮಕ್ಕಳ ಇಮ್ಯುನಾಲಜಿ–ರುಮಟಾಲಜಿಗೇ ಬೇರೆ ಡಿಎಂ ಇದೆ. ಮಗು ನೋವು ಅಂತ ಹೇಳಲ್ಲ, ಬೆಳಗ್ಗೆ ಕುಂಟುತ್ತದೆ, ಮಧ್ಯಾಹ್ನಕ್ಕೆ ಓಡಾಡುತ್ತದೆ. "ನಾಟಕ" ಅಂತ ಬೈದು ಶಾಲೆಗೆ ಕಳಿಸಿದ ಮಕ್ಕಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತೆ.

ಬೆನ್ನುನೋವಿನ_ರೋಗಿ
ನಾನು ಡಾಕ್ಟರಲ್ಲ, ರೋಗಿ. ಇಪ್ಪತ್ನಾಲ್ಕಕ್ಕೆ ಬೆನ್ನುನೋವು ಶುರುವಾಯಿತು. ಬೆಳಗಿನ ಜಾವ ಎಚ್ಚರವಾಗುತ್ತಿತ್ತು, ಓಡಾಡಿದರೆ ಕಡಿಮೆ, ಮಲಗಿದರೆ ಜಾಸ್ತಿ. "ಡಿಸ್ಕ್" ಅಂತ ಬೆಲ್ಟ್ ಕೊಟ್ಟರು. ರೆಸ್ಟ್ ಮಾಡು ಅಂದರು, ಅದರಿಂದ ಇನ್ನೂ ಹಾಳಾಯಿತು. ಕೊನೆಗೆ ಸಿಕ್ಕ ರುಮಟಾಲಜಿಸ್ಟ್ ಬಾಲ್‌ಪೆನ್ನಿನಲ್ಲಿ ನನ್ನ ಸೊಂಟದ ಮೇಲೆ ಎರಡು ಗೆರೆ ಎಳೆದು, ಟೇಪ್ ಹಿಡಿದು, ಬಗ್ಗು ಅಂದರು. ಆಮೇಲೆ ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ, ಎಂಆರ್‌ಐ. ಆ ಪೆನ್ನು–ಟೇಪಿನ ಪರೀಕ್ಷೆ ಎಲ್ಲ ಡಾಕ್ಟರುಗಳಿಗೂ ಕಲಿಸೋಕಾಗಲ್ವಾ?

ಡಿಆರ್‌ಎನ್‌ಬಿ_ಮುಗಿಸಿದವಳು
ಅದು ಶೋಬರ್ ಪರೀಕ್ಷೆ. ಸೊಂಟದ ಹಿಂದಿನ ಎರಡು ಗುಳಿಗಳ ಮಟ್ಟದಿಂದ 10 ಸೆಂ.ಮೀ. ಮೇಲೊಂದು, 5 ಸೆಂ.ಮೀ. ಕೆಳಗೊಂದು ಗುರುತು. ಪೂರ್ತಿ ಬಗ್ಗಿದಾಗ 15 ಇದ್ದದ್ದು 20ರ ಹತ್ತಿರ ಬರಬೇಕು. ಎಂಬಿಬಿಎಸ್‌ನಲ್ಲೇ ಹೆಸರು ಓದುತ್ತೇವೆ, ಮಾಡಿಸೋರು ಕಡಿಮೆ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಗಂಟು_ಡಾಕ್ಟರ್
ನಾನು ಹೇಳಬೇಕು ಅಂದುಕೊಂಡಿದ್ದೂ ಅದೇ. ಸೀಟು ಹೆಚ್ಚಿಸಬೇಕು, ನಿಜ. ಅದರ ಫಲ ಬರೋಕೆ ಹತ್ತು ವರ್ಷ ಬೇಕು. ಅಲ್ಲಿಯವರೆಗೆ ಪ್ರತಿ ಎಂಡಿ ಮೆಡಿಸಿನ್ ವಿದ್ಯಾರ್ಥಿಯನ್ನೂ ಒಂದು ತಿಂಗಳಾದರೂ ರುಮಟಾಲಜಿ ಓಪಿಡಿಯಲ್ಲಿ ಕೂರಿಸಬೇಕು. ಕಾಲೇಜಿನಲ್ಲಿ ವಿಭಾಗ ಇಲ್ಲದಿದ್ದರೆ ಇರುವ ಕಡೆ ಕಳಿಸಬೇಕು. ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಅನುಮಾನಕ್ಕೆ ಮಾಡಿಸುವ ರಕ್ತಪರೀಕ್ಷೆ) ಆರೋಗ್ಯವಂತರಲ್ಲೂ, ಕ್ಷಯದಲ್ಲೂ, ಹೆಪಟೈಟಿಸ್ ಸಿ ಇದ್ದವರಲ್ಲೂ ಪಾಸಿಟಿವ್ ಬರಬಹುದು, ನಿಜವಾದ ರುಮಟಾಯ್ಡ್ ಇರುವ ಹಲವರಲ್ಲಿ ನೆಗೆಟಿವ್ ಇರಬಹುದು. ಇಷ್ಟು ಗೊತ್ತಾದರೂ ಎಷ್ಟೋ ಜನ ಉಳಿದುಕೊಳ್ಳುತ್ತಾರೆ. ಆರ್ಥೊ ಪಿಜಿಗಳನ್ನೂ ಕಳಿಸಿ, ತುಮಕೂರು ಸರ್ ಒಪ್ಪಿದರೆ.

ಮೂಳೆವೈದ್ಯ_ತುಮಕೂರು
ಒಪ್ಪಿದೆ. ಬದಲಿಗೆ ನಿಮ್ಮವರು ಒಂದು ವಾರ ನಮ್ಮ ಓಟಿಗೆ ಬರಲಿ. ಕೀಲು ಬದಲಿಸುವ ದಿನ ಬಯಾಲಜಿಕ್ ನಿಲ್ಲಿಸಿರಬೇಕಾ ಬೇಡವಾ ಅಂತ ಕೊನೇ ಗಳಿಗೆಯಲ್ಲಿ ಫೋನ್ ಮಾಡೋ ಕಷ್ಟ ಅವರಿಗೂ ಗೊತ್ತಾಗಲಿ.

ಆಸ್ಪತ್ರೆಬೀದಿ
ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಫೆಲೋಶಿಪ್_ಪರ
ಸ್ಟೆಂಟ್ ಹಾಕುವವರಷ್ಟು ಇಲ್ಲ. ಮೊದಲ ಎರಡು ವರ್ಷ ನಿಧಾನ. ಆಮೇಲೆ ರೋಗಿಗಳು ಬಿಟ್ಟುಹೋಗಲ್ಲ, ಅವರೇ ಇನ್ನೊಬ್ಬರನ್ನು ಕರೆತರುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಓಡೋದು ಕಡಿಮೆ. ಔಷಧದ ಖರ್ಚೂ ಇಳಿದಿದೆ. ಅಡಲಿಮುಮ್ಯಾಬ್ ಅನ್ನೋ ಬಯಾಲಜಿಕ್‌ನ ಮೊದಲ ಬಯೋಸಿಮಿಲರ್ (ಮೂಲ ಔಷಧವನ್ನು ಹೋಲುವ ಅಗ್ಗದ ಔಷಧ) 2014ರಲ್ಲಿ ನಮ್ಮ ದೇಶದಲ್ಲೇ ಬಂತು. ಆದರೂ ಬಡವರಿಗೆ ಅದು ದುಬಾರಿಯೇ. ಹಾಗಾಗಿ ಹಳೇ ಅಗ್ಗದ ಮಾತ್ರೆಗಳನ್ನು ಚೆನ್ನಾಗಿ ಬಳಸೋದು ಕಲಿಯಿರಿ.

ಹುಬ್ಬಳ್ಳಿ_ಪಿಜಿ
ಎಲ್ಲರಿಗೂ ಧನ್ಯವಾದ. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಮೊದಲ ಆಯ್ಕೆ ರುಮಟಾಲಜಿಯೇ ಹಾಕುತ್ತೇನೆ. ಮನೆಯವರಿಗೆ ಕಲಬುರಗಿ ಮೇಡಂ ಬರೆದಿದ್ದನ್ನು ಓದಿ ಹೇಳಿದೆ, ಅಮ್ಮ ಅರ್ಧ ಒಪ್ಪಿದ್ದಾರೆ. ಇನ್ನೊಂದು ಪ್ರಶ್ನೆ: ರೋಗಿಗಳ ಕಷ್ಟ ಅಳೆಯೋಕೆ ಕೊಡುವ ಪ್ರಶ್ನೆಪಟ್ಟಿಗಳು ಎಲ್ಲ ಬೇರೆ ದೇಶದ ಬದುಕಿಗೆ ಹೊಂದುವಂತಿವೆ ಅನಿಸುತ್ತೆ. ನೀವು ಏನು ಕೇಳುತ್ತೀರಿ?

ಡಿಆರ್‌ಎನ್‌ಬಿ_ಮುಗಿಸಿದವಳು
ಭಾರತಕ್ಕೆ ಹೊಂದಿಸಿದ ಪಟ್ಟಿಯಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರೋದು ಸೇರಿದೆ. ಅದರ ಜೊತೆ ನಾನು ಕೇಳೋದು: ರೊಟ್ಟಿ ತಟ್ಟೋಕೆ ಆಗುತ್ತಾ, ಬಟ್ಟೆ ಹಿಂಡೋಕೆ ಆಗುತ್ತಾ, ಸೀರೆ ನೆರಿಗೆ ಹಿಡಿಯೋಕೆ ಆಗುತ್ತಾ, ಬಸ್ಸಿನ ಕಂಬಿ ಹಿಡಿದು ಹತ್ತುತ್ತೀರಾ. "ನೋವು ಹೇಗಿದೆ" ಅಂದರೆ "ಪರವಾಗಿಲ್ಲ" ಅನ್ನುವವರು "ರೊಟ್ಟಿ ಈಗ ಸೊಸೆ ಮಾಡ್ತಾಳೆ" ಅಂದಾಗ ಚೀಟಿ ಬದಲಾಗುತ್ತದೆ.

ಹೊಸ_ಸದಸ್ಯೆ_ಹಾಸನ
ಡಾಕ್ಟರುಗಳು ಇದ್ದೀರಿ ಅಂತ ಕೇಳುತ್ತಿದ್ದೇನೆ. ರುಮಟಾಯ್ಡ್‌ಗೆ ಮೆಥೊಟ್ರೆಕ್ಸೇಟ್ ತಗೊಳ್ಳುತ್ತಿದ್ದೇನೆ. ಮದುವೆಯಾಗಿ ಒಂದು ವರ್ಷ, ಮಗು ಬೇಕು. ಮಾತ್ರೆ ನಾನೇ ನಿಲ್ಲಿಸಲಾ?

ಗಂಟು_ಡಾಕ್ಟರ್
ಅಮ್ಮಾ, ನಿಮ್ಮ ಡಾಕ್ಟರನ್ನು ಈ ವಾರವೇ ನೋಡಿ. ಮೆಥೊಟ್ರೆಕ್ಸೇಟ್ ಗರ್ಭಕ್ಕೆ ಅಪಾಯ, ಒಂದರಿಂದ ಮೂರು ತಿಂಗಳು ಮೊದಲೇ ನಿಲ್ಲಿಸಬೇಕು. ಆದರೆ ಬದಲಿ ಇಲ್ಲದೆ ನಿಲ್ಲಿಸಿದರೆ ಕಾಯಿಲೆ ಏರುತ್ತದೆ. ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜೀನ್ ತರಹದ ಔಷಧಗಳನ್ನು ಗರ್ಭಿಣಿಯರಿಗೂ ಕೊಡಬಹುದು. ಅವನ್ನು ಕೂರಿಸಿ, ಕಾಯಿಲೆ ಹಿಡಿತದಲ್ಲಿದೆ ಅಂತ ನೋಡಿ, ಆಮೇಲೆ ಮಗುವಿಗೆ ಪ್ರಯತ್ನಿಸಿ. ಡಾಕ್ಟರ್ ಹೇಳುವವರೆಗೆ ಗರ್ಭ ನಿಲ್ಲದಂತೆ ಎಚ್ಚರ ಇರಲಿ. ಅಕಸ್ಮಾತ್ ಮುಟ್ಟು ತಪ್ಪಿದ್ದರೆ ಮುಂದಿನ ಡೋಸ್ ತಗೊಳ್ಳದೆ ಅವತ್ತೇ ಫೋನ್ ಮಾಡಿ.

ಹೊಸ_ಸದಸ್ಯೆ_ಹಾಸನ
ಇಲ್ಲ, ಹಾಗೇನಿಲ್ಲ. ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡೆ ಸರ್. ಮನೆಯವರನ್ನೂ ಕರೆದುಕೊಂಡು ಹೋಗುತ್ತೇನೆ.